ಕೆಲಸವಿಲ್ಲದ ಹಕ್ಕಿಗಳು

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಲು ಎತ್ತಿನ ಗಾಡಿ ಇತ್ತು, ದುಡ್ಡಿದ್ದವರಿಗೆ ಟಾಂಗಾ ಇತ್ತು. ಆದರೂ ನಾನು ಮತ್ತು ನನ್ನ ಸೋದರಮಾವ ಆ ಏಳೆಂಟು ಹರದಾರಿಯನ್ನು ನಡೆದೇ ಹೋದೆವು. ಕಾರಣ ಇಷ್ಟೇ: ಮಾವನ ಪ್ರಕಾರ ಗಾಡಿಯಲ್ಲಿ ಕೂತವನಿಗೆ ಶಕುನ ಆಗುವುದಿಲ್ಲ.

"ಯಾಕ ಆಗೂದಿಲ್ಲ, ಮಾಮಾ?" ಎಂದು ಹೊರಡುವ ಹಿಂದಿನ ದಿನ ನಾನು ಕೇಳಿದ್ದೆ.

"ನೆಲದ ಮ್ಯಾಲೆ ಕಾಲು ಯಾರವಿರ್ತಾವ, ಶಕುನ ಅವರದು. ಗಾಡಿ ಮುಂದ ಹಕ್ಕಿ ದಾಟಿದ್ರ ಅದು ಎತ್ತಿನ ಶಕುನ. ನೀ ಬರೇ ಮ್ಯಾಲಿನ ಹೊರಿ."

ಇದು ಮಾವ ಆ ಕ್ಷಣಕ್ಕೆ ಕಟ್ಟಿ ಹೇಳಿದ್ದಲ್ಲ. ಕಲಬುರಗಿಯ ಬ್ರಹ್ಮಪುರ ಓಣಿಯ ನಮ್ಮ ಮನೆತನದ ಹಳೆಯ ಕಾನೂನು. ಹೆಣ್ಣು ಕೊಡುವ ಮಾತು ಪಕ್ಕಾ ಮಾಡಲು ಹೋಗುವವನು ಹೆಣ್ಣಿನ ಸೋದರಮಾವ. ಅವನು ನಡೆದೇ ಹೋಗಬೇಕು. ಊರ ಸೀಮೆ ದಾಟಿದ ಮೇಲೆ ಹಾದಿಗೆ ಅಡ್ಡ ಬರುವ ಹಕ್ಕಿಯನ್ನು ನೋಡಬೇಕು. ಎಡದಿಂದ ಬಲಕ್ಕೆ ದಾಟಿದರೆ ಕೆಲಸ ಆದಂತೆ. ಬಲದಿಂದ ಎಡಕ್ಕೆ ದಾಟಿ ಒಣಗಿದ ಗಿಡದ ಮೇಲೆ ಕೂತರೆ, ನಿಂತ ಜಾಗದಿಂದಲೇ ತಿರುಗಿ ಮನೆಗೆ. ಗಂಡಿನವರ ಪಡಸಾಲೆಯಲ್ಲಿ ಕೂತ ಮೇಲೆ ಅವರು ಮೊದಲು ಕೇಳುವ ಪ್ರಶ್ನೆಯೂ ಒಂದೇ: "ಹಾದ್ಯಾಗ ಏನ್ ಕಂಡ್ರಿ?" ಅದಕ್ಕೆ ಸುಳ್ಳು ಹೇಳುವಂತಿಲ್ಲ. ಮಾವ ಗಂಜ್ ಬಜಾರಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟವರು. ಜೋಳದ ಚೀಲಕ್ಕೆ ಕೈ ಹಾಕಿ ತಳದ ಕಾಳು ತೆಗೆದು ನೋಡದೆ ಯಾವ ರೈತನನ್ನೂ, ಯಾವ ದಲಾಲನನ್ನೂ ನಂಬಿದವರಲ್ಲ. ಅಂಥವರು ಹಕ್ಕಿಯೊಂದು ಯಾವ ಕಡೆ ಹಾರಿತು ಎಂಬುದನ್ನು ಮಾತ್ರ ಮೇಲಿನಿಂದಲೇ ನಂಬುತ್ತಿದ್ದರು. ಅದೇ ನನಗೆ ಸಿಟ್ಟು ಬರಿಸುತ್ತಿದ್ದುದು.

ಹೀಗೆ ಎರಡು ಸಂಬಂಧ ತಿರುಗಿಹೋಗಿದ್ದವು. ಆಳಂದದ ಕಡೆಯ ಗಂಡನ್ನು ಹಾಲಕ್ಕಿ ಬೇಡವೆಂದಿತು, ಸೇಡಮ್ಮಿನ ಕಡೆಯವನನ್ನು ಕೆಂಬೂತ. ಆ ಎರಡೂ ಸಲ ನನ್ನ ತಂಗಿ ಒಳಗೆ ರೊಟ್ಟಿ ಬಡಿಯುತ್ತಾ ನಕ್ಕಿದ್ದಳು. ಈ ಸಲ ನಗಲಿಲ್ಲ. ಕಮಲಾಪುರದ ಹುಡುಗನನ್ನು ಅವಳು ನಮ್ಮ ಬಂಧುಗಳ ಮದುವೆಯೊಂದರಲ್ಲಿ ನೋಡಿದ್ದಳು. ಅವನು ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ, ಸಾಕು ಸಾಕು ಎಂದವರಿಗೆಲ್ಲ ಮತ್ತೊಂದು ಹಾಕಿ ನಗುತ್ತಾ ಬಂದನಂತೆ. ಇವಳ ಎದುರು ಬಂದಾಗ ಇವಳು "ಬೇಕು" ಅಂದಳಂತೆ. ಅಂಥ ಉತ್ತರ ಅವನು ನಿರೀಕ್ಷಿಸಿರಲಿಲ್ಲ; ಬುಟ್ಟಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟನಂತೆ. ಇಷ್ಟನ್ನೇ ತಂಗಿ ನನಗೆ ಒಂದು ವಾರದಲ್ಲಿ ಹತ್ತು ಸಲ ಹೇಳಿದ್ದಳು. ಹತ್ತನೆಯ ಸಲ ನನಗೂ ಅರ್ಥವಾಯಿತು.

ಹೊರಡುವ ದಿನ ನಸುಕಿನಲ್ಲಿ ರೊಟ್ಟಿಯ ಗಂಟನ್ನು ನನ್ನ ಹೆಗಲಿಗೆ ಹಾಕುತ್ತಾ ಅವಳು ಮೆಲ್ಲಗೆ ಅಂದಳು: "ಅಣ್ಣಾ, ಮದರಸಾದಾಗ ಎಂಥೆಂಥಾವರ ಬಾಯಿ ಮುಚ್ಚಸ್ತಿ ಅಂತ ಹೇಳ್ಕೋತ ತಿರಗ್ತಿ. ಒಂದು ಹಕ್ಕಿ ತಿರಗಸಲಿಕ್ಕಿ ಬರಂಗಿಲ್ಲೇನು ನಿನಗ?"

"ನಾ ಶಕುನ ನಂಬೂದಿಲ್ಲ."

"ನೀ ನಂಬಬ್ಯಾಡ. ಮಾಮಾ ತಿರುಗಿ ಬರದಂಗ ನೋಡ್ಕೋ, ಸಾಕು."

ಹೀಗೆ ಹಕ್ಕಿ ಶಕುನವನ್ನು ಮೂಢನಂಬಿಕೆ ಎಂದು ಊರೆಲ್ಲ ವಾದ ಮಾಡಿಕೊಂಡು ತಿರುಗುವ ನಾನು, ಒಳ್ಳೆಯ ಶಕುನವೊಂದನ್ನು ಹುಡುಕಿಕೊಂಡು ಹೊರಟೆ.

ಎಳ್ಳಮಾವಾಸ್ಯೆ ಕಳೆದು ಕೆಲವು ದಿನವಾಗಿತ್ತು. ಚಳಿ ಇನ್ನೂ ಹಲ್ಲಿಗೆ ತಾಗುವಷ್ಟಿತ್ತು. ಕೋಟೆಯ ಕಡೆಯಿಂದ ಬೆಳಗಿನ ಅಜಾನ್ ಕೇಳುವ ಹೊತ್ತಿಗೆ ನಾವು ಓಣಿ ದಾಟಿದ್ದೆವು. ಸೀಮೆಯ ಬೇವಿನ ಗಿಡದ ಹತ್ತಿರ ಮಾವ ನಿಂತು, ಹೊಸ ಚಪ್ಪಲಿ ಝಾಡಿಸಿ, ಹಣೆಯ ವಿಭೂತಿ ಸರಿಮಾಡಿಕೊಂಡು, "ಇಲ್ಲಿಂದ ಲೆಕ್ಕ ಸುರು. ಊರಾಗಿನ ಕಾಗಿ ಗುಬ್ಬಿ ಹಿಡಿಯಂಗಿಲ್ಲ," ಎಂದರು.

ಬೆಳಕು ಹರಿದಂತೆ ಕಪ್ಪು ಮಣ್ಣಿನ ಎರಿ ಹೊಲಗಳು ಎರಡೂ ಕಡೆ ಬಿಚ್ಚಿಕೊಂಡವು. ಜೋಳ ತೆನೆ ಹಿಡಿದಿತ್ತು, ಕುಸುಬಿ ಇನ್ನೂ ಮುಳ್ಳಾಗಿರಲಿಲ್ಲ. ಹೊಲ ಇಲ್ಲದ ಕಡೆ ಬಯಲು. ಬಯಲೆಂದರೆ ಕಣ್ಣು ಎಲ್ಲಿಯೂ ತಡೆದು ನಿಲ್ಲದಂಥ ಬಯಲು. ಅಲ್ಲೊಂದು ಜಾಲಿ, ಇಲ್ಲೊಂದು ಬನ್ನಿ, ನಡುವೆ ಎಕ್ಕಿ ಮತ್ತು ಉತ್ತರಾಣಿ. ಹಾದಿಯ ಬದಿಗೆ ತಂಗಡಿ ಹೂವು ಯಾರೋ ಅರಿಷಿಣ ಚೆಲ್ಲಿಕೊಂಡು ಹೋದಂತೆ ಸಾಲಾಗಿ ಹಳದಿಯಾಗಿತ್ತು. ಇದನ್ನೆಲ್ಲ ನಾನು ಮೊದಲೂ ನೋಡಿದ್ದೆ, ಆದರೆ ಗಾಡಿಯ ಕಮಾನಿನೊಳಗಿಂದ. ನಡೆಯುವಾಗ ಗಿಡಗಳು ಒಂದೊಂದಾಗಿ ಹತ್ತಿರ ಬಂದು, ಒಂದೊಂದಾಗಿ ಹಿಂದೆ ಸರಿಯುತ್ತವೆ. ಅವಸರವಿಲ್ಲ. ಬಾರಿ ಗಿಡವೊಂದು ಸಿಕ್ಕರೆ ನಿಂತು, ಮುಳ್ಳು ಚುಚ್ಚಿಸಿಕೊಂಡು, ಹುಳಿ ಹಣ್ಣು ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಇರುತ್ತದೆ.

ಸಿಕ್ಕಿದ್ದು ಹಕ್ಕಿಗಳು. ಶಕುನಕ್ಕಾಗಿ ಕಣ್ಣು ತೆರೆದಿದ್ದರಿಂದ ಎಲ್ಲವೂ ಕಂಡವು. ಸಮಸ್ಯೆ ಮಾವನದು. ಅವರ ಶಾಸ್ತ್ರದಲ್ಲಿ ಹಕ್ಕಿಗಳು ಮೂರು ಬಗೆ: ಶುಭದವು, ಅಶುಭದವು, ಮತ್ತು ಉಳಿದವು. ಉಳಿದವುಗಳೇ ನೂರಕ್ಕೆ ತೊಂಬತ್ತು.

"ಮಾಮಾ, ಅಲ್ಲಿ ನೋಡ್ರಿ, ಟಿಟ್ಟಿಭ!" ಕೆಂಪು ಮೂತಿಯ ಆ ಹಕ್ಕಿ ಯಾರ ಮೇಲೋ ಕಚೇರಿಗೆ ಫಿರ್ಯಾದಿ ಒಯ್ಯುತ್ತಿರುವಂತೆ ಕೂಗುತ್ತಾ ನಮ್ಮ ತಲೆಯ ಮೇಲೆ ಸುತ್ತುತ್ತಿತ್ತು.

"ಬಿಡು, ಅದಕ್ಕ ಕೆಲಸಿಲ್ಲ."

ನೆಲಗುಬ್ಬಿಯೊಂದು ಕಾಲಡಿಯಿಂದ ಎದ್ದು, ಹಾಡುತ್ತಾ ನೇರ ಮೇಲೇರಿ, ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ ಹಾಡು ಮುಗಿಸಿ, ಕಲ್ಲಿನಂತೆ ಕೆಳಗೆ ಬಿತ್ತು. "ಇದಕ್ಕರ ಕೆಲಸ ಅದ ಏನ್ರಿ?"

"ಇದು ಅಡ್ಡ ಎಲ್ಲಿ ದಾಟ್ತು? ಮ್ಯಾಲೆ ಹೋತು, ಕೆಳಗ ಬಂತು."

ಜಾಲಿಯ ಗಿಡದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಎಳೆದುಕೊಂಡ ಬೂದು ಬಣ್ಣದ ಹಕ್ಕಿ ಕೂತಿತ್ತು. ಅದರ ಹೆಸರು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಮುಳ್ಳುಗಳಿಗೆ ಮಿಡತೆಗಳನ್ನು ಚುಚ್ಚಿ ಸಾಲಾಗಿ ಇಟ್ಟಿತ್ತು. ಮಾವ ಮೊದಲ ಸಲ ಆಸಕ್ತಿಯಿಂದ ಕತ್ತು ಚಾಚಿದರು. "ಎಲಾ ಇದರ! ಅಡತಿ ಅಂಗಡಿ ಹಚ್ಚೇದ ನೋಡು. ಮಾಲು ಸುಗ್ಗ್ಯಾಗ ತುಂಬಿಟ್ಟು ಆಮ್ಯಾಲೆ ತಗೀತದ." ಆದರೆ ಅದಕ್ಕೂ ಶಕುನದ ಕೆಲಸವಿಲ್ಲ ಎಂದರು.

ಇನ್ನಷ್ಟು ಮುಂದೆ ಕವಳಿ ಕಂಟಿಯ ಬುಡದಲ್ಲಿ ಗೌಜುಗಗಳ ಹಿಂಡು ಕೆದರಿಕೊಂಡಿತ್ತು. ನಮ್ಮನ್ನು ಕಂಡು, ಹಾರದೆ, ತಲೆ ತಗ್ಗಿಸಿ ಓಡಿ ಕಂಟಿಯೊಳಗೆ ಸೇರಿಕೊಂಡವು. "ಹಾರಲಿಕ್ಕೂ ಬ್ಯಾಸರ ಅವಕ್ಕ," ಎಂದು ಮಾವ ಮುಖ ತಿರುಗಿಸಿದರು. "ಎಲ್ಲಕ್ಕಿಂತ ಕೆಲಸಗೇಡಿ ಹಕ್ಕಿ ಅದು."

ಬದುವಿನ ಮೇಲೆ ತುಂಬೆ ಹೂವು ಕಂಡಾಗ ಮಾವ ಬಗ್ಗಿ ನಾಲ್ಕು ಕಿತ್ತು ತಲೆಯ ರುಮಾಲಿನ ಅಂಚಿನಲ್ಲಿ ಇಟ್ಟುಕೊಂಡರು. ಸಂಜೆಯ ಪೂಜೆಗೆ.

"ಎಕ್ಕಿ, ತುಂಬಿ, ದತ್ತೂರಿ. ಶಿವಗ ಬರೇ ಕಸದ ಹೂವ ಯಾಕ ಸೇರ್ತಾವ ಮಾಮಾ?"

"ಯಾರೂ ಕೇಳದ್ದನ್ನ ಅವ ಇಟ್ಕೊಂಡಾನ."

"ಹಂಗಾರ ನಿಮ್ಮ ಕೆಲಸಿಲ್ಲದ ಹಕ್ಕೀನೂ ಅವನವ ಅಲ್ಲೇನು? ಹೂವಿಗೊಂದು ನ್ಯಾಯ, ಹಕ್ಕಿಗೊಂದು ನ್ಯಾಯ?"

ಮಾವ ರುಮಾಲು ಸರಿಮಾಡಿಕೊಂಡರು. "ಹೂವಿನ ಮಾತು ಬ್ಯಾರೆ," ಎಂದರು. ಉತ್ತರ ಇಲ್ಲದಾಗ ಜನ ಹೇಳುವ ಮಾತು ಅದು. ಆ ಸುತ್ತು ನಾನು ಗೆದ್ದೆ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಆದರೆ ಶುಭದ ಹಕ್ಕಿ ಮಾತ್ರ ಬರಲಿಲ್ಲ. ಬಿಸಿಲು ಏರಿದ ಮೇಲೆ ಹಾದಿಯ ಪಕ್ಕದ ಬಯಲಿನಲ್ಲಿ ಎರೆಭೂತ ಕಂಡಿತು. ಮನುಷ್ಯನ ಸೊಂಟಕ್ಕೆ ಬರುವಷ್ಟು ಎತ್ತರದ ಹಕ್ಕಿ, ತಲೆಯ ಮೇಲೆ ಕಪ್ಪು ಟೊಪ್ಪಿಗೆ, ಜಾಗೀರದಾರರ ನಡಿಗೆ. ನಾನು ಅದನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಉಸಿರು ಹಿಡಿದು ನಿಂತೆ. ಮಾವನೂ ನಿಂತರು, ಬೇರೆ ಕಾರಣಕ್ಕೆ. ಅದು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನಾವು ಹೊರಟ ದಿಕ್ಕಿಗೇ, ನಮ್ಮ ಜೊತೆಗೇ, ಕಮಲಾಪುರದ ಕಡೆಗೆ ಗಂಭೀರವಾಗಿ ನಡೆಯುತ್ತಿತ್ತು.

"ಇದರ ಅರ್ಥ ಏನ್ರಿ?"

"ಏನೋಪಾ," ಎಂದರು ಮಾವ, ನಿಜವಾಗಿಯೂ ಗೊಂದಲದಲ್ಲಿ. "ಅದೂ ಹೆಣ್ಣು ನಿಶ್ಚಯಕ್ಕ ಹೊಂಟದೋ ಏನೋ."

ಮಹಾಗಾಂವದ ಬಾವಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ. ಮಾವ ಚಪ್ಪಲಿ ಕಳಚಿದಾಗ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಬೀಗರ ಊರಿಗೆ ಹೋಗುವುದೆಂದು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಎದ್ದು ನಾಲ್ಕು ಹೆಜ್ಜೆ ಇಟ್ಟವರು ಮತ್ತೆ ಕೂತರು.

ಆ ಹೊತ್ತಿಗೆ ಕಮಲಾಪುರದ ಗಾಡಿಯೊಂದು ಬಂತು. ಗಾಡಿಯವನು ಮುಸಲ್ಮಾನ, ನಡುವಯಸ್ಸಿನವನು. ಕಲಬುರಗಿಯ ಬಜಾರಿಗೆ ಕೆಂಪು ಬಾಳೆಯ ಗೊನೆ ಇಳಿಸಿ, ಒಣ ಎಲೆಯ ಹಾಸಿಗೆಯೊಂದನ್ನೇ ಹೊತ್ತುಕೊಂಡು ಊರಿಗೆ ಮರಳುತ್ತಿದ್ದ. ಮಾವನ ಕಾಲು ನೋಡಿ, "ಹತ್ರಿ ಸಾವಕಾರ್ರ, ಗಾಡಿ ಖಾಲಿ ಅದ," ಎಂದ.

ಮಾವ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. "ಸ್ವಲ್ಪ ದೂರ ಅಷ್ಟ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಹತ್ತಿದರು. ನನ್ನನ್ನೂ ಕರೆದರು. ನನಗೆ ಕಾಲು ನೋವಿರಲಿಲ್ಲ; ಅದಕ್ಕಿಂತ ಹೆಚ್ಚಾಗಿ, ಎರಿ ಮುಗಿದು ಕೆಂಪು ಕಲ್ಲಿನ ಮರಡಿ ಸುರುವಾಗಿತ್ತು, ಗಿಡಗಳೇ ಬೇರೆಯಾಗಿದ್ದವು. ನಡೆದೇ ಬರುತ್ತೇನೆ ಎಂದು ಗಾಡಿಯ ಮುಂದೆ ಹೊರಟೆ.

ಆಗ ಕಂಡಿತು. ಬಲಗಡೆಯ ಸೀತಾಫಲದ ಪೊದೆಯ ಮೇಲೆ ನೀಲಕಂಠ. ಕೂತಾಗ ಅದು ಮಣ್ಣಿನ ಬಣ್ಣದ ಸಾಧಾರಣ ಹಕ್ಕಿ. ಆದರೆ ದಸರೆಯ ದಿನ ಅದನ್ನು ನೋಡಲೆಂದೇ ನಮ್ಮ ಜನ ಹೊಲಕ್ಕೆ ಹೋಗುತ್ತಾರೆ. ಶುಭದ ಹಕ್ಕಿಗಳ ಪೈಕಿ ಮೊದಲನೆಯದು. ಬೆಳಗಿನಿಂದ ಕಾದಿದ್ದು ಸಿಕ್ಕ ಸಂಭ್ರಮದಲ್ಲಿ ನನಗೆ ಎಡ ಬಲದ ನೆನಪೇ ಆಗಲಿಲ್ಲ.

"ಮಾಮಾ! ನೀಲಕಂಠ!" ಎಂದು ಗಂಟಲು ಬಿಚ್ಚಿ ಕೂಗಿದೆ.

ಹಕ್ಕಿ ಬೆದರಿ ಎದ್ದಿತು. ಎದ್ದೊಡನೆ ರೆಕ್ಕೆಯೊಳಗಿನ ನೀಲಿಯೆಲ್ಲ ಬಿಚ್ಚಿಕೊಂಡು, ಆ ಕೆಂಪು ನೆಲದ ಮೇಲೆ, ನಮ್ಮ ಕಣ್ಣೆದುರೇ, ಬಲದಿಂದ ಎಡಕ್ಕೆ ದಾಟಿತು. ದಾಟಿ, ಸಿಡಿಲು ಹೊಡೆದು ಒಣಗಿ ನಿಂತ ಬೇವಿನ ತುದಿಗೆ ಕೂತು ಬಾಲ ಕುಣಿಸಿತು.

"ಗಾಡಿ ನಿಲ್ಲಸು," ಎಂದರು ಮಾವ.

ಗಾಡಿ ನಿಂತಿತು. ಮಾವನ ಮುಖ ಸಪ್ಪಗಾಗಿತ್ತು. ಸಿಟ್ಟಿರಲಿಲ್ಲ, ಇದ್ದಿದ್ದರೆ ವಾದಿಸುವುದು ಸುಲಭವಿತ್ತು. "ಮುಗೀತಪಾ. ತಿರುಗಿ ಹೋಗೂಣು. ಛಲೋ ಮನಿತನ ಇತ್ತು."

ಹೋಳಿಗೆಯ ಬುಟ್ಟಿ ಹಿಡಿದು ನಿಂತ ಹುಡುಗ ನನ್ನ ಕಣ್ಣ ಮುಂದೆ ಬಂದ. ಮೂಢನಂಬಿಕೆ, ಅಜ್ಞಾನ, ಹಕ್ಕಿಗೇನು ಗೊತ್ತು ಎಂಬ ನನ್ನ ಹಳೆಯ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು. ಅವುಗಳಿಂದ ಮಾವ ಒಂದು ಹೆಜ್ಜೆಯೂ ಕದಲುವುದಿಲ್ಲ ಎಂದೂ ಗೊತ್ತಿತ್ತು. ನಾನು ಓದುವ ಸರಕಾರಿ ಉರ್ದು ಶಾಲೆಗೆ, ಅಂದರೆ ನಮ್ಮ ಮದರಸೆಗೆ, ಶುಕ್ರವಾರ ರಜೆ. ಗುರುವಾರ ಮಧ್ಯಾಹ್ನ ಬಹಸು, ಹುಡುಗರ ವಾದದ ಪಂದ್ಯ. ಬಹಸು ಕಲಿಸುತ್ತಿದ್ದ ಮೌಲ್ವಿ ಸಾಹೇಬರು ಬೆತ್ತವನ್ನು ಮೇಜಿಗೆ ತಟ್ಟಿ ಹೇಳುತ್ತಿದ್ದರು: "ಮಿಯಾಂ, ಉನೋ ಬೋಲೇ ಸೋ ಬಾತ್ ಪಕಡೋ." ಎದುರಿನವನು ಆಡಿದ ಮಾತನ್ನೇ ಹಿಡಿ, ನಿನ್ನ ಮಾತು ಮನೆಯಲ್ಲಿಡು.

"ಮಾಮಾ, ನೀವು ಈಗ ಎಲ್ಲಿ ಕುಂತೀರಿ?"

"ಕಾಣಂಗಿಲ್ಲೇನು? ಗಾಡ್ಯಾಗ."

"ಗಾಡ್ಯಾಗ ಕುಂತವ್ರಿಗೆ ಶಕುನ ಆಗತದೇನು?"

ಮಾವ ಬಗ್ಗಿ ಗಾಡಿಯ ಕೆಳಗಿನ ನೆಲ ನೋಡಿದರು.

"ನೆಲದ ಮ್ಯಾಲೆ ಕಾಲು ಯಾರವು? ನಿನ್ನಿ ನೀವ ಹೇಳೀರಿ. ಇದು ಎತ್ತಿನ ಶಕುನ. ನೀವು ಬರೇ ಹೊರಿ."

ಈ ತೀರ್ಪಿನಿಂದ ಮಾವನಿಗಿಂತ ಮೊದಲು ಗಾಡಿಯವನಿಗೆ ಗಾಬರಿಯಾಯಿತು. "ಏ ಭಾಯಿ! ಮೇರೇ ಬೈಲಾಂಕು ಕಾಯ್ಕು ಲಗಾತೆ? ನಿಮ್ಮ ಮದುವಿ ಶಕುನ ನನ್ನ ಎತ್ತಿಗ್ಯಾಕ ಹಚ್ಚತೀರಿ? ಬಡವನ ಎತ್ತು ಅವ."

"ಕಾಕಾ, ನಿನ್ನ ಎತ್ತಿನ ಕೆಲಸ ಏನದ ಇವತ್ತು?"

"ಏನದ? ಮನಿಗಿ ಹೋಗೂದು, ಕಣಕಿ ತಿನ್ನೂದು."

"ಶಕುನ ಕೆಟ್ರ ಕಣಕಿ ಕಮ್ಮಿ ಬೀಳ್ತದ, ಅಷ್ಟ. ನೀ ಎರಡು ಹಿಡಿ ಹೆಚ್ಚ ಹಾಕು, ಶಕುನದ ಹಲ್ಲು ಮುರೀತದ."

ಗಾಡಿಯವನು ಎತ್ತುಗಳ ಕಡೆ ನೋಡಿದ, ಎತ್ತುಗಳು ಬಯಲಿನ ಕಡೆ ನೋಡಿದವು. "ಹಂಗಾರ ಪರವಾ ಇಲ್ಲ," ಎಂದು ಅವನು ನಕ್ಕ. ನಾನು ಗೆದ್ದೆ ಎಂದುಕೊಂಡು ಎದೆ ಉಬ್ಬಿಸಿದೆ. ಅಷ್ಟರಲ್ಲಿ ಮಾವನ ಕಣ್ಣು ಸಣ್ಣದಾಯಿತು. ತಳದ ಕಾಳು ತೆಗೆಯುವ ಮುನ್ನ ಅವರ ಕಣ್ಣು ಹಾಗೆ ಸಣ್ಣದಾಗುತ್ತದೆ.

"ತಡಿ, ತಡಿ. ನೆಲದ ಮ್ಯಾಲೆ ಎತ್ತಿನ ಕಾಲಷ್ಟ ಇದ್ದವೇನು? ನಿನ್ನವೂ ಇದ್ದವಲ್ಲ. ನೀ ನಡ್ಕೋತ ಹೊಂಟಿದ್ದಿ. ಅದೂ ಎತ್ತಿಗಿಂತ ಮುಂದ."

ಇದು ನನಗೆ ಹೊಳೆದಿರಲಿಲ್ಲ.

"ಶಕುನ ನಿನಗ ಆತು. ನಿಂದೇನು ಕೆಲಸ ಇತ್ತು ಇವತ್ತು? ಹೇಳು ನೋಡೂಣು."

ಗಾಡಿಯವನು ಬೀಡಿ ಹಚ್ಚಿ, ಕಾಲು ಮಡಚಿ, ತಮಾಷೆ ನೋಡಲು ಸರಿಯಾಗಿ ಕೂತುಕೊಂಡ. ನಾನು ಯೋಚಿಸಿದೆ. ನನ್ನ ಕೆಲಸ ತಂಗಿಯ ಮದುವೆ ಕುದುರಿಸುವುದು ಎಂದರೆ, ಅದೇ ಕೆಟ್ಟಿತು. ಶಕುನವೇ ಸುಳ್ಳು ಎಂದರೆ, ಮಾವ ನಂಬಿದ ಕಾನೂನಿನ ಹೊರಗೆ ನಾನು ಒಬ್ಬನೇ ನಿಂತ ಹಾಗೆ. ಅಲ್ಲಿಂದ ಕೂಗಿದ್ದು ಅವರಿಗೆ ಕೇಳುವುದಿಲ್ಲ. ಉಳಿದ ಬಾಗಿಲು ಒಂದೇ. ಅದರೊಳಗೆ ಹೋಗಲು ತಲೆ ಬಗ್ಗಿಸಬೇಕಿತ್ತು.

"ನನ್ನ ಕೆಲಸ ಇವತ್ತು ಒಂದ ಇತ್ತು, ಮಾಮಾ. ಶಕುನ ಸುಳ್ಳು ಅಂತ ನಿಮಗ ಒಪ್ಪಸೂದು. ಬೆಳಗಿಂದ ಅದನ್ನ ಮಾಡ್ಲಾಕತ್ತೀನಿ."

"ಮತ್ತ?"

"ಕೆಲಸ ಕೆಡ್ತು. ನಾ ಸೋತೆ."

ಮಾವ ಕಿವಿಗೆ ಕೈ ಹಚ್ಚಿದರು. "ಇನ್ನೊಮ್ಮೆ ಹೇಳು."

"ಸೋತೆ ರೀ."

"ನೋಡಪಾ, ಸಾಕ್ಷಿ ಇದ್ದಿ ನೀನು," ಎಂದು ಗಾಡಿಯವನ ಬೆನ್ನಿಗೆ ಹೊಡೆದು ಮಾವ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ರುಮಾಲಿನಿಂದ ತುಂಬೆ ಹೂವು ಉದುರುವಷ್ಟು ನಕ್ಕರು. "ನೀಲಕಂಠ ಸುಳ್ಳಾಡಲಿಲ್ಲ ಹಂಗಾರ. ಇಂವ ಹುಟ್ಟಿದಾಗಿಂದ ಒಮ್ಮಿನೂ ಸೋತಿದ್ದಿಲ್ಲ, ಇವತ್ತು ಸೋತ!" ಆಮೇಲೆ, ಹೂವು ಆರಿಸಿಕೊಂಡು, ಗಾಡಿಯಿಂದ ಕೆಳಗಿಳಿದರು. ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟರು.

"ಯಾಕ್ರಿ?"

"ನನ್ನ ಶಕುನ ಇನ್ನೂ ಆಗಿಲ್ಲಲ್ಲ. ಪಡಸಾಲ್ಯಾಗ ಕುಂತು ಏನ್ ಹೇಳ್ಲಿ?"

ಬರಿಗಾಲಿನಲ್ಲಿ, ಕೆಂಪು ಹರಳುಗಳ ಮೇಲೆ, ಕುಂಟುತ್ತಾ ಅವರು ನಡೆದರು. ನಾನು ಪಕ್ಕದಲ್ಲಿ ನಡೆದೆ. ಗಾಡಿ ನಮ್ಮ ಹಿಂದೆ ಮೆಲ್ಲಗೆ ಬಂತು. ಬಿಸಿಲು ಇಳಿದು ಮರಡಿಯ ಮೇಲಿನ ಒಣಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿತು. ಬೆಳವ ಕೂಗುತ್ತಿತ್ತು, ಆದರೆ ದಾಟಲಿಲ್ಲ. ಹದ್ದೊಂದು ಬಹಳ ಮೇಲಿತ್ತು. ಕಮಲಾಪುರದ ಬಾಳೆಯ ತೋಟಗಳು ದೂರದಲ್ಲಿ ಹಸಿರು ಗೆರೆಯಾಗಿ ಕಂಡವು. ತೋಟ ಬಂದರೆ ಸೀಮೆ ಬಂದಂತೆ, ಸೀಮೆ ಬಂದರೆ ಲೆಕ್ಕ ಮುಗಿದಂತೆ. ಮಾವನ ಹೆಜ್ಜೆ ನಿಧಾನವಾಯಿತು. ನೋವಿಗಲ್ಲ ಎಂದು ನನಗೆ ಗೊತ್ತಿತ್ತು.

ಆಗ ಎಡಗಡೆಯ ಕಂಟಿ ಅಲ್ಲಾಡಿತು. ಗೌಜುಗಗಳು. ಒಂದು ಹೊರಗೆ ಬಂತು, ಕತ್ತು ಎತ್ತಿ ನಮ್ಮನ್ನು ನೋಡಿತು, ಓಡಿತು. ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ, ಧೂಳಿನಲ್ಲಿ ತಲೆ ತಗ್ಗಿಸಿಕೊಂಡು, ಮಾವನ ಪಾದದ ಮುಂದೆಯೇ, ಎಡದಿಂದ ಬಲಕ್ಕೆ. ಬಲಗಡೆ ಹಸಿರು ಬಾರಿ ಗಿಡದ ಬುಡದಲ್ಲಿ ಸೇರಿಕೊಂಡವು.

ಮಾವ ನಿಂತರು. ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. ಬೆಳಿಗ್ಗೆ ಅದನ್ನು ಕೆಲಸಗೇಡಿ ಎಂದವರು ಅವರೇ. ಅದು ಹಾರಿರಲಿಲ್ಲ, ಓಡಿತ್ತು. ನಾನು ಹೇಳಬಹುದಾದ ಮಾತು ಒಂದಲ್ಲ, ನಾಲ್ಕಿದ್ದವು, ನಾಲ್ಕೂ ಒಳ್ಳೆಯವು. ತುಟಿ ಬಿಗಿಹಿಡಿದು ದೂರದ ಬಾಳೆತೋಟ ನೋಡುತ್ತಾ ನಿಂತೆ. ಬಹಸಿನಲ್ಲಿ ನಾನು ಅಷ್ಟು ಕಷ್ಟಪಟ್ಟದ್ದೇ ಇಲ್ಲ.

"ದಾಟೂದು ಮುಖ್ಯ," ಎಂದರು ಮಾವ ಕೊನೆಗೆ, ಯಾರೂ ಕೇಳದಿದ್ದರೂ. "ಹಾರಿ ದಾಟಿದ್ರೇನು, ಓಡಿ ದಾಟಿದ್ರೇನು. ಶಿವಗ ತುಂಬಿ ಹೂವ ನಡೀತದಂದ್ರ ಗೌಜುಗ ಯಾಕ ನಡಿಯಂಗಿಲ್ಲ?"

ಬೆಳಗಿನ ನನ್ನ ಮಾತನ್ನೇ ನನಗೆ ತಿರುಗಿ ಹೇಳುತ್ತಿದ್ದರು. "ಹೌದ್ರಿ ಮಾಮಾ," ಎಂದೆ.

ದೀಪ ಹಚ್ಚುವ ಹೊತ್ತಿಗೆ ಗಂಡಿನವರ ಪಡಸಾಲೆಯಲ್ಲಿ ಕಾಲು ತೊಳೆದು ಕೂತಿದ್ದೆವು. ಹುಡುಗನ ತಂದೆ ಬಾಳೆತೋಟದ ಒಡೆಯ. ಹುಡುಗನ ಅಜ್ಜಿ ಬಾಗಿಲ ಬದಿಗೆ ಕೂತಿದ್ದಳು. ಪ್ರಶ್ನೆ ಬಂತು: "ಹಾದ್ಯಾಗ ಏನ್ ಕಂಡ್ರಿ?"

"ಎಡದಿಂದ ಬಲಕ್ಕ ದಾಟಿದ್ವು ರೀ. ಹಿಂಡಿಗೆ ಹಿಂಡ."

"ಹಕ್ಕಿ ಯಾವುದ್ರಿ?"

ಮಾವ ಗಂಟಲು ಸರಿಮಾಡಿಕೊಂಡರು. "ಗೌಜುಗ."

ಹುಡುಗನ ತಂದೆ ಹುಬ್ಬೇರಿಸಿದರು. ಅವರ ಶಾಸ್ತ್ರದಲ್ಲೂ ಅದಕ್ಕೆ ಕೆಲಸವಿರಲಿಲ್ಲವೆಂದು ಕಾಣುತ್ತದೆ. ಬಾಯಿ ತೆರೆದದ್ದು ಅಜ್ಜಿ. "ಛಲೋನ ಆತಲ್ಲೋ. ಗೌಜುಗ ಯಾವಾಗರ ಒಂದ ಕೂಗ್ತದೇನು? ಈ ಕಡಿಂದೊಂದು ಕರದ್ರ ಆ ಕಡಿಂದೊಂದು ಓ ಅಂತದ. ಸಂಸಾರಕ್ಕ ಇನ್ನೇನ್ ಬೇಕು?" ಅವಳ ಮಾತಿನ ಮೇಲೆ ಮಾತಾಡುವವರು ಆ ಮನೆಯಲ್ಲಿ ಇರಲಿಲ್ಲ. ಸಕ್ಕರೆ ಹಂಚಿದರು. ನೀಲಕಂಠವನ್ನೂ ಮಾವ ಮುಚ್ಚಿಡಲಿಲ್ಲ. ಅದು ಯಾರಿಗೆ ಆಯಿತು, ಅವನು ಹೇಗೆ ಸೋತ ಎಂಬುದನ್ನು ಅಭಿನಯ ಸಹಿತ ಹೇಳಿದರು. ಪಡಸಾಲೆ ನಕ್ಕಿತು. ನಾನೂ ನಕ್ಕೆ, ನಗಬೇಕಾಗಿತ್ತು.

ಹುಡುಗ ತಟ್ಟೆ ತುಂಬ ಕೆಂಪು ಬಾಳೆಹಣ್ಣು ತಂದು ನನ್ನ ಮುಂದೆ ಬಗ್ಗಿದ. ಒಂದು ತಿಂದೆ. ಇನ್ನೊಂದು ಕೊಟ್ಟ, ತಿಂದೆ. ಮೂರನೆಯದನ್ನು ಹಿಡಿದು, ನಾನು ಸಾಕು ಎನ್ನುವುದನ್ನು ಕಾಯುತ್ತಾ ನಿಂತ.

"ಬೇಕು," ಎಂದೆ.

ತಟ್ಟೆ ಹಿಡಿದವನು ಹಾಗೇ ನಿಂತುಬಿಟ್ಟ. ಆಮೇಲೆ ನಾನು ಯಾರ ಅಣ್ಣ ಎಂಬುದು ಅವನಿಗೆ ಹೊಳೆಯಿತು. ಕಿವಿಯವರೆಗೆ ಕೆಂಪಾಗಿ ನಕ್ಕ.

ಮದುವೆಯಾಗಿ ಎರಡು ಚಳಿಗಾಲ ಕಳೆದಿವೆ. ಮಾವ ಗಂಜಿನಲ್ಲಿ ಬಂದವರಿಗೆಲ್ಲ ನನ್ನ ಸೋಲಿನ ಕಥೆ ಹೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇದೆ, ಯಾವ ಬಹಸಿನ ಮಜ್ಲಿಸಿನಲ್ಲೂ ಮುರಿಯಲಾಗದಂಥದ್ದು: ಅಂದು ತಂಗಿ ನನಗೆ ಒಪ್ಪಿಸಿದ ಕೆಲಸ ನೀಲಕಂಠ ದಾಟಿದರೂ ಕೆಡಲಿಲ್ಲ. ಅಕ್ಷತೆ ಬೀಳಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಿದ್ದೆ. ಅಕ್ಷತೆ ಬಿತ್ತು. ಮುಂದಿನ ತಿಂಗಳು ಹೇಳೋಣ ಎಂದುಕೊಂಡೆ. ಈಗಲೂ ಹೇಳಿಲ್ಲ. ಕಥೆ ಹೇಳುವಾಗ ಮಾವ ಅಷ್ಟು ಸಂತೋಷದಿಂದ ನಗುತ್ತಾರೆ. ತಂಗಿಯೂ, "ನೀ ಸೋತ ಒಂದ ಬಹಸು ನನಗ ಉಪಯೋಗಕ್ಕ ಬಂತು ನೋಡಣ್ಣಾ," ಎನ್ನುತ್ತಾಳೆ.

ಅವಳನ್ನು ನೋಡಲು ನಾನು ಈಗಲೂ ಕಮಲಾಪುರಕ್ಕೆ ನಡೆದೇ ಹೋಗುತ್ತೇನೆ. ನಿಶ್ಚಯ ಮಾಡಬೇಕಾದ್ದು ಏನೂ ಇಲ್ಲ. ಹಕ್ಕಿಗಳು ಎಡಕ್ಕೆ ದಾಟಲಿ, ಬಲಕ್ಕೆ ದಾಟಲಿ, ನೆಲಗುಬ್ಬಿಯಂತೆ ಮೇಲೇರಿ ಬೀಳಲಿ. ನನ್ನ ಉತ್ತರವನ್ನು ಬಯಲಿಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹೋಗುತ್ತೇನೆ. ಗೌಜುಗಗಳು ಕೇಳಿ ಓಡಿಹೋಗುತ್ತವೆ. ಆ ಗಾಡಿಯವನು ಕೆಲವು ಸಲ ಮಹಾಗಾಂವದ ಹತ್ತಿರ ಸಿಗುತ್ತಾನೆ. ಎತ್ತುಗಳು ದಪ್ಪಗಾಗಿವೆ. "ಹತ್ರಿ ತಮ್ಮಾ, ಇನ್ನೂ ಯಾರ ಶಕುನ ನೋಡೂದದ?" ಎನ್ನುತ್ತಾನೆ.

"ಶಕುನ ಅಲ್ಲ ಕಾಕಾ," ಎನ್ನುತ್ತೇನೆ. "ಗಾಡ್ಯಾಗ ಕುಂತ್ರ ಹಕ್ಕಿ ಎಲ್ಲಾ ನಿನ್ನ ಎತ್ತಿಗಷ್ಟ ಕಾಣ್ತಾವ."